ಬ್ರಿಟನ್ನಿನ ಮನೆ, ಮಾತು ಮತ್ತು ಬೂಷ್ಟು

ಮಾನ್ಯರೇ,

ನಮ್ಮ ಪತ್ರಿಕೆಗಳ ಪುರವಣಿಗಳಲ್ಲಿ ಬ್ರಿಟನ್ ಪ್ರವಾಸದ ಬರಹಗಳು ಆಗಾಗ ಬರುತ್ತವೆ. ಟವರ್ ಬ್ರಿಜ್, ಅರಮನೆಯ ಕಾವಲುಗಾರರು, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ, ಎಲ್ಲ ಇರುತ್ತವೆ. ಜೊತೆಗೆ ಒಂದು ಮಾತೂ ಇದ್ದೇ ಇರುತ್ತದೆ: ಬ್ರಿಟಿಷರು ಶಿಸ್ತಿನವರು, ಆದರೆ ಬಿಗುಮಾನದವರು, ಯಾರ ಜೊತೆಗೂ ಬೆರೆಯುವುದಿಲ್ಲ. ಹತ್ತು ದಿನ ಹೋಟೆಲಿನಲ್ಲಿದ್ದು ಬಂದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಪ್ರತಿ ಸೆಪ್ಟೆಂಬರ್‌ನಲ್ಲಿ ಓದಲು ಹೊರಡುವ ಮಕ್ಕಳು, ಕೆಲಸ ಸಿಕ್ಕಿ ಸಂಸಾರ ಸಮೇತ ಹೋಗುವವರು ಇದೇ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ವಿಮಾನ ಹತ್ತುತ್ತಾರೆ. ಮೊದಲ ಮೂರು ತಿಂಗಳಲ್ಲೇ, ಒಬ್ಬರು ಮುಂಚೆ ಹೇಳಿದ್ದರೆ ಆಗುತ್ತಲೇ ಇರಲಿಲ್ಲ ಎನ್ನುವಂಥ ತಪ್ಪುಗಳಿಗೆ ನೂರಾರು ಪೌಂಡ್ ತೆರುತ್ತಾರೆ.

ಅಲ್ಲಿ ಒಲೆ ಹಚ್ಚಿ ಸಂಸಾರ ಮಾಡುವವರಿಗೆ ಗೊತ್ತಾಗುವ ಸಂಗತಿ ಒಂದಿದೆ. ಆ ದೇಶದಲ್ಲಿ ಬಹುಪಾಲು ನಿಯಮಗಳನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವು ಕಾಗದದಲ್ಲಿರುತ್ತವೆ, ಇಲ್ಲವೇ ಮನೆಯ ನಲ್ಲಿ, ಗೋಡೆ, ಕಸದ ಡಬ್ಬಿಗಳಲ್ಲೇ ಸೇರಿಕೊಂಡಿರುತ್ತವೆ. ತಪ್ಪಿದಾಗಲೂ ಗದರುವವರಿಲ್ಲ. ಮೊದಲು ಒಂದು ಮೆದು ಮಾತು, ಆಮೇಲೆ ಒಂದು ಪತ್ರ, ಕೊನೆಗೆ ಒಂದು ಬಿಲ್ಲು. ಆ ಮೆದು ಮಾತು ಅರ್ಥವಾಗದವರಿಗೆ ಬಿಲ್ಲು ಬಂದಾಗ ಅನ್ಯಾಯವಾಯಿತು ಎನ್ನಿಸುತ್ತದೆ. ಆದ್ದರಿಂದ ಹೊರಡುವವರಿಗೂ ಕಳಿಸಿಕೊಡುವ ಮನೆಯವರಿಗೂ ತಿಳಿದಿರಲಿ ಎಂದು ಈ ಪತ್ರ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ.

ಮನೆಯಿಂದಲೇ ಶುರು ಮಾಡೋಣ, ಹೆಚ್ಚು ದುಡ್ಡು ಹೋಗುವುದು ಅಲ್ಲೇ. ಬ್ರಿಟಿಷ್ ಬಚ್ಚಲಿನ ನೆಲದಲ್ಲಿ ನೀರು ಹೋಗಲು ದಾರಿ ಇರುವುದಿಲ್ಲ. ಸಾಮಾನ್ಯವಾಗಿ ಮರದ ಹಲಗೆ, ಅದರ ಮೇಲೊಂದು ವೈನಿಲ್ ಹಾಳೆ. ಕೆಲವು ಹಳೆಯ ಮನೆಗಳಲ್ಲಿ ಕಾರ್ಪೆಟ್ಟೇ ಹಾಸಿರುತ್ತದೆ. ಬಕೆಟ್ ಇಟ್ಟುಕೊಂಡು ಚೊಂಬಿನಲ್ಲಿ ಮೈಮೇಲೆ ಸುರಿದುಕೊಂಡರೆ ಆ ನೀರು ಹಲಗೆಯ ಸಂದಿಯಲ್ಲಿ ಇಳಿದು ಕೆಳಮನೆಯ ಸೂರಿನಲ್ಲಿ ಕಂದು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಸೂರಿನ ದುರಸ್ತಿ ಖರ್ಚು ಬಾಡಿಗೆದಾರನ ಠೇವಣಿಯಿಂದ ಹೋಗುತ್ತದೆ. ಟಬ್ಬಿನೊಳಗೆ ನಿಂತೇ ಸ್ನಾನ ಮಾಡಬೇಕು, ಶವರ್ ಪರದೆಯ ಕೆಳ ಅಂಚು ಟಬ್ಬಿನ ಒಳಗಡೆ ಇರಬೇಕು. ಟಬ್ಬಿನ ಸುತ್ತಲಿನ ಬಿಳಿ ಸಿಲಿಕೋನ್ ಪಟ್ಟಿ ಎಲ್ಲಾದರೂ ಕಿತ್ತು ಬಂದಿದ್ದರೆ ಮೊದಲ ವಾರದಲ್ಲೇ ಮಾಲೀಕರಿಗೆ ಇಮೇಲ್ ಹಾಕಬೇಕು. ಬಾಯಿಮಾತಿನಲ್ಲಿ ಹೇಳಿದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಬಚ್ಚಲಿನ ದೀಪಕ್ಕೆ ಸ್ವಿಚ್ಚಿನ ಬದಲು ಸೂರಿನಿಂದ ಇಳಿಬಿಟ್ಟ ಒಂದು ದಾರ ಇರುತ್ತದೆ. ಒದ್ದೆ ಕೈ ಸ್ವಿಚ್ಚಿಗೆ ತಾಗಬಾರದೆಂಬ ಎಚ್ಚರ ಅದು. ಇದೇ ಕಾರಣಕ್ಕೆ ಶೇವರ್ ಸಾಕೆಟ್ ಬಿಟ್ಟರೆ ಬೇರೆ ಪ್ಲಗ್ ಪಾಯಿಂಟು ಅಲ್ಲಿ ಸಿಗುವುದಿಲ್ಲ. ಎರಡನೆಯ ದಾರವೊಂದು ತೂಗಾಡುತ್ತಿದ್ದು, ಎಳೆದಾಗ ಕೆಂಪು ದೀಪ ಹೊತ್ತಿಕೊಂಡರೆ ಅದು ಶವರಿನ ನೀರು ಕಾಯಿಸುವ ಕರೆಂಟಿನದು. ಅದನ್ನು ಎಳೆಯದೆ ತಣ್ಣೀರಿನಲ್ಲಿ ನಡುಗಿ ಶವರ್ ಕೆಟ್ಟಿದೆ ಎಂದು ದೂರು ಕೊಡುವ ಹೊಸಬರು ಬಹಳ.

ಬಿಸಿನೀರಿಗೊಂದು ತಣ್ಣೀರಿಗೊಂದು ಬೇರೆ ಬೇರೆ ನಲ್ಲಿ ಇರುವುದನ್ನು ಕಂಡು ನಗದ ಪ್ರವಾಸಿಗರಿಲ್ಲ. ಅದಕ್ಕೂ ಕಾರಣವಿದೆ. ಹಳೆಯ ಮನೆಗಳಲ್ಲಿ ತಣ್ಣೀರು ನೇರ ಬೀದಿಯ ಕೊಳವೆಯಿಂದ ಬರುತ್ತಿತ್ತು, ಕುಡಿಯಲು ಯೋಗ್ಯ. ಬಿಸಿನೀರಿಗೆ ಮೊದಲು ಅಟ್ಟದ ತೊಟ್ಟಿಯಲ್ಲಿ ನೀರು ನಿಂತಿರುತ್ತಿತ್ತು, ಅದಕ್ಕೆ ದೂಳು, ಕಸ ಬೀಳುವ ಅಪಾಯವಿತ್ತು. ಎರಡರ ಒತ್ತಡವೂ ಬೇರೆ. ತೊಟ್ಟಿಯ ನೀರು ಹಿಂದಕ್ಕೆ ಹರಿದು ಊರಿನ ನೀರಿಗೆ ಬೆರೆಯಬಾರದೆಂದು ಎರಡು ನಲ್ಲಿ ಇಟ್ಟರು. ಈಗ ಹೊಸ ಮನೆಗಳಲ್ಲಿ ಬೆರಕೆ ನಲ್ಲಿ ಬಂದಿದೆ. ಎರಡು ನಲ್ಲಿಯ ಮನೆ ಸಿಕ್ಕಿದರೆ ಬೇಸಿನ್ನಿನ ಬಿರಡೆ ಹಾಕಿ, ಮೊದಲು ತಣ್ಣೀರು ತುಂಬಿ, ಆಮೇಲೆ ಬಿಸಿನೀರು ಬಿಟ್ಟು ಮುಖ ತೊಳೆಯಿರಿ. ಸಂಗ್ರಹದ ಬಿಸಿನೀರು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವುದರಿಂದ ನೇರ ಕೈಯೊಡ್ಡಿದರೆ ಸುಡುತ್ತದೆ. ಕುಡಿಯುವುದಕ್ಕೆ ಅಡುಗೆಮನೆಯ ತಣ್ಣೀರಿನ ನಲ್ಲಿಯೇ ಸರಿ.

ಕರೆಂಟು ಅಲ್ಲೂ 230 ವೋಲ್ಟ್. ಇಲ್ಲಿಂದ ಒಯ್ದ ಮಿಕ್ಸಿ, ಕುಕ್ಕರ್ ಓಡುತ್ತವೆ, ಪ್ಲಗ್ ಮಾತ್ರ ಕೂರುವುದಿಲ್ಲ. ಬ್ರಿಟಿಷ್ ಸಾಕೆಟ್ಟಿನ ಕೆಳಗಿನ ಎರಡು ತೂತುಗಳಿಗೆ ಒಳಗಿನಿಂದ ಮುಚ್ಚಳ ಇರುತ್ತದೆ. ಪ್ಲಗ್ಗಿನ ಮೇಲಿನ ಉದ್ದನೆಯ ಅರ್ತ್ ಪಿನ್ನು ಮೊದಲು ಒಳಗೆ ಹೋಗಿ ಆ ಮುಚ್ಚಳವನ್ನು ಸರಿಸುತ್ತದೆ. ಮೇಲಿನ ತೂತಿಗೆ ಪೆನ್ನಿನ ತುದಿ ತುರುಕಿ ನಮ್ಮ ಎರಡು ಪಿನ್ನಿನ ಚಾರ್ಜರ್ ಒತ್ತುವ ಉಪಾಯ ಹಾಸ್ಟೆಲುಗಳಲ್ಲಿ ಬಾಯಿಂದ ಬಾಯಿಗೆ ಹಬ್ಬಿದೆ. ಅದು ಪ್ರಾಣಕ್ಕೆ ಎರವಾಗುವ ಕೆಲಸ. ಪಿನ್ನು ಸಡಿಲವಾಗಿ ಕೂತು ಕಿಡಿ ಹಾರುತ್ತದೆ, ಪ್ಲಗ್ಗಿನೊಳಗೆ ಇರಬೇಕಾದ ಫ್ಯೂಸೂ ಇರುವುದಿಲ್ಲ. ಅಲ್ಲಿನ ಪ್ರತಿ ಪ್ಲಗ್ಗಿನಲ್ಲೂ ಸಾಮಾನ್ಯವಾಗಿ 3 ಅಥವಾ 13 ಆ್ಯಂಪಿನ ಫ್ಯೂಸ್ ಇರುತ್ತದೆ. ಯಾವುದಾದರೂ ಉಪಕರಣ ಏಕಾಏಕಿ ನಿಂತರೆ ಮೊದಲು ನೋಡಬೇಕಾದ್ದು ಅದನ್ನೇ. ಇನ್ನು ಅಲ್ಯೂಮಿನಿಯಂ ಕುಕ್ಕರನ್ನು ಹೊತ್ತೊಯ್ಯುವ ಮುನ್ನ ಅಲ್ಲಿನ ಒಲೆ ಯಾವುದೆಂದು ಕೇಳಿ. ಇಂಡಕ್ಷನ್ ಆದರೆ ಅಯಸ್ಕಾಂತ ಅಂಟುವ ತಳದ ಸ್ಟೀಲ್ ಕುಕ್ಕರೇ ಆಗಬೇಕು.

ಒಗ್ಗರಣೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕಮರಿದ ಘಾಟಿಗೆ ಸೂರಿನ ಅಲಾರಂ ಕೂಗಿಕೊಳ್ಳುತ್ತದೆ. ಎಷ್ಟೋ ಮನೆಗಳ ಅಡುಗೆಮನೆಯಲ್ಲಿರುವುದು ಬಿಸಿಯನ್ನು ಗುರುತಿಸುವ ಅಲಾರಂ, ಹೊಗೆಯನ್ನು ಗುರುತಿಸುವುದು ಹೊರಗಿನ ಓಣಿಯಲ್ಲಿ. ಗಾಬರಿಯಲ್ಲಿ ಅಡುಗೆಮನೆಯ ಬಾಗಿಲು ತೆರೆದರೆ ಹೊಗೆ ಸೀದಾ ಓಣಿಗೆ ನುಗ್ಗುತ್ತದೆ. ದೊಡ್ಡ ವಿದ್ಯಾರ್ಥಿ ವಸತಿಗಳಲ್ಲಿ ಆಗ ಇಡೀ ಕಟ್ಟಡದವರು ನಡುರಾತ್ರಿಯಾದರೂ ಚಳಿಯಲ್ಲಿ ಹೊರಗೆ ಬಂದು ನಿಲ್ಲಬೇಕು, ಅಗ್ನಿಶಾಮಕ ವಾಹನವೂ ಬರಬಹುದು. ಒಗ್ಗರಣೆಗೆ ಐದು ನಿಮಿಷ ಮೊದಲೇ ಹೊಗೆ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಫ್ಯಾನ್ ಹಾಕಿ, ಕಿಟಕಿ ತೆರೆದು, ಓಣಿಯ ಬಾಗಿಲು ಭದ್ರವಾಗಿ ಮುಚ್ಚಿ, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ ತಟ್ಟೆ ಮುಚ್ಚಬೇಕು. ಅಲಾರಮ್ಮಿಗೆ ಪ್ಲಾಸ್ಟಿಕ್ ಚೀಲ ಕಟ್ಟುವವರಿದ್ದಾರೆ. ಸಿಕ್ಕಿಬಿದ್ದರೆ ದಂಡ, ವಸತಿಯಿಂದ ಹೊರಗೆ ಹಾಕಿದರೂ ಹಾಕಬಹುದು. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಆರಿಸಿ, ಬಾಟಲಿಗೆ ತುಂಬಿ, ಕಸಕ್ಕೆ ಹಾಕಿ. ಸಿಂಕಿಗೆ ಸುರಿದ ಎಣ್ಣೆ ಚರಂಡಿಯಲ್ಲಿ ಹೆಪ್ಪುಗಟ್ಟಿ, ಒದ್ದೆ ಟಿಶ್ಯೂಗಳ ಜೊತೆ ಸೇರಿ ಕಲ್ಲಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಕೆಳಗೆ ಸಿಕ್ಕಿದ ಅಂಥ ಕೊಬ್ಬಿನ ಗುಡ್ಡೆ 250 ಮೀಟರ್ ಉದ್ದ, 130 ಟನ್ ತೂಕ ಇತ್ತು.

ಈಗ ಬೂಷ್ಟು. ನಮ್ಮ ಜನಕ್ಕೆ ಅತ್ಯಂತ ಹೆಚ್ಚು ನಷ್ಟ, ಕಾಯಿಲೆ, ಜಗಳ ತರುವುದು ಇದೇ. ನವೆಂಬರಿನ ಒಂದು ಬೆಳಿಗ್ಗೆ ಮಲಗುವ ಕೋಣೆಯ ಕಿಟಕಿ ನೋಡಿ: ಗಾಜಿನ ಒಳಮೈಯಲ್ಲಿ ನೀರಿನ ಹನಿ ಸಾಲುಗಟ್ಟಿ ಇಳಿದಿರುತ್ತದೆ, ಕೆಳಗಿನ ಚೌಕಟ್ಟಿನಲ್ಲಿ ಬೆರಳದ್ದುವಷ್ಟು ನೀರು ನಿಂತಿರುತ್ತದೆ, ಮೂಲೆಯ ರಬ್ಬರು ಪಟ್ಟಿಯ ಮೇಲೆ ಕರಿಎಳ್ಳು ಚೆಲ್ಲಿದಂತೆ ಚುಕ್ಕೆಗಳು. ಎರಡು ವಾರ ಬಿಟ್ಟರೆ ಚುಕ್ಕೆಗಳು ಗೋಡೆ ಹತ್ತುತ್ತವೆ. ಬೀರುವಿನ ಹಿಂದೆ, ಹಾಸಿಗೆಯ ಅಡಿಯಲ್ಲಿ, ಹೊರಗೋಡೆಯ ಮೂಲೆಯಲ್ಲಿ ಮೊದಲು. ಒಳಗಿನ ಬೆಚ್ಚನೆಯ ತೇವದ ಗಾಳಿ ತಣ್ಣಗಿನ ಗೋಡೆಗೆ ತಾಗಿದ ಕೂಡಲೇ ನೀರಾಗುತ್ತದೆ, ನೀರು ನಿಂತಲ್ಲಿ ಬೂಷ್ಟು. ಈ ತೇವ ಬರುವುದು ನಮ್ಮಿಂದಲೇ: ಉಸಿರು, ಸ್ನಾನ, ಮುಚ್ಚಳವಿಲ್ಲದೆ ಕುದಿಯುವ ಅನ್ನ, ಎಲ್ಲಕ್ಕಿಂತ ಹೆಚ್ಚಾಗಿ ಕೋಣೆಯೊಳಗೆ ಒಣಹಾಕಿದ ಬಟ್ಟೆ. ಒಂದು ಸಲದ ಬಟ್ಟೆ ಆರುವಷ್ಟರಲ್ಲಿ ಒಂದೆರಡು ಲೀಟರ್ ನೀರು ಗಾಳಿಗೆ ಸೇರುತ್ತದೆ. ಚಳಿ ಎಂದು ಕಿಟಕಿ ಮುಚ್ಚಿ, ಖರ್ಚು ಎಂದು ಹೀಟರ್ ಆರಿಸಿ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಬಟ್ಟೆ ಹರವಿದರೆ ಬೂಷ್ಟಿಗೆ ಹದವಾದ ಮನೆ ಸಿದ್ಧವಾದ ಹಾಗೆ.

ಮಾಡಬೇಕಾದ್ದು ಇಷ್ಟು. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯ ನೀರನ್ನು ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಸಿಂಕಿಗೆ ಹಿಂಡಿ. ರೇಡಿಯೇಟರಿನ ಮೇಲೆ ಒಣಗಿಸಿದರೆ ಅದೇ ನೀರು ಮತ್ತೆ ಗಾಳಿಗೆ ಬರುತ್ತದೆ. ಎದುರುಬದುರಿನ ಕಿಟಕಿಗಳನ್ನು 10 ನಿಮಿಷ ಪೂರ್ತಿ ತೆರೆದು ಮುಚ್ಚಿ. ಅಷ್ಟರಲ್ಲಿ ಗಾಳಿ ಬದಲಾಗುತ್ತದೆ, ಗೋಡೆಯ ಬಿಸಿ ಉಳಿಯುತ್ತದೆ. ಕಿಟಕಿಯ ತಲೆಯ ಮೇಲಿನ ಸಣ್ಣ ಸೀಳುಗಂಡಿಗೆ ಟೇಪು ಅಂಟಿಸಬೇಡಿ. ಸ್ನಾನವಾದ ಮೇಲೆ ಫ್ಯಾನನ್ನು ಕಾಲು ಗಂಟೆ ಓಡಲು ಬಿಟ್ಟು ಬಚ್ಚಲ ಬಾಗಿಲು ಮುಚ್ಚಿಡಿ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣಾದರೂ ದೂರ ಇಡಿ. ಮನೆಯನ್ನು ಸಂಜೆ ಒಂದು ಗಂಟೆ ಕುದಿಸಿ ಉಳಿದ ಹೊತ್ತು ತಣ್ಣಗೆ ಬಿಡುವುದಕ್ಕಿಂತ 18 ಡಿಗ್ರಿಯಲ್ಲಿ ಸಮನಾಗಿ ಇಡುವುದು ಒಳ್ಳೆಯದು. ಇಷ್ಟು ಮಾಡಿಯೂ ಗೋಡೆಯೊಂದು ಬುಡದಿಂದಲೋ ಸೂರಿನಿಂದಲೋ ಒದ್ದೆಯಾಗಿಯೇ ಉಳಿದರೆ ಅದು ನಿಮ್ಮ ಉಸಿರಿನದಲ್ಲ, ಕಟ್ಟಡದ ದೋಷ. ದಿನಾಂಕ ಸಮೇತ ಫೋಟೋ ತೆಗೆದು ಮಾಲೀಕರಿಗೆ ಬರೆಯಿರಿ, ಉತ್ತರ ಬಾರದಿದ್ದರೆ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತದ ಪರಿಸರ ಆರೋಗ್ಯ ವಿಭಾಗಕ್ಕೆ ಬರೆಯಿರಿ. ಸುಮ್ಮನೆ ಸಹಿಸಿಕೊಂಡಿರಬೇಡಿ ಎಂದು ಕಳಕಳಿಯಿಂದ ಹೇಳುತ್ತೇವೆ. 2020ರ ಡಿಸೆಂಬರಿನಲ್ಲಿ ರೋಚ್‌ಡೇಲ್ ಪಟ್ಟಣದಲ್ಲಿ 2 ವರ್ಷದ ಮಗುವೊಂದು ಮನೆಯ ಬೂಷ್ಟಿನಿಂದಾದ ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಹೆತ್ತವರು ಅದಕ್ಕೆ ಮೊದಲೇ ದೂರು ಕೊಟ್ಟಿದ್ದರು. ಆ ಮಗುವಿನ ಹೆಸರಿನಲ್ಲೇ ಬಂದ ಕಾನೂನು 2025ರ ಅಕ್ಟೋಬರಿನಿಂದ ಇಂಗ್ಲೆಂಡಿನ ಸಾಮಾಜಿಕ ವಸತಿಗಳಿಗೆ, ಎಂದರೆ ಕೌನ್ಸಿಲ್ಲು, ವಸತಿ ಸಂಘಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಯಾಗಿದೆ.

ರೇಡಿಯೇಟರುಗಳಿಗೆ ನೀರು ಕಾಯಿಸುವ ಬಾಯ್ಲರ್ ಬಗ್ಗೆ ಎರಡು ಮಾತು. ರೇಡಿಯೇಟರ್ ಬಿಸಿಯಾಗದಿದ್ದರೆ ಬಾಯ್ಲರಿನ ಮುಂದಿನ ಒತ್ತಡದ ಮುಳ್ಳು ನೋಡಿ. ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು, ಇಳಿದಿದ್ದರೆ ಬಾಯ್ಲರ್ ತಾನಾಗಿ ನಿಲ್ಲುತ್ತದೆ. ರೇಡಿಯೇಟರಿನ ಮೇಲ್ಭಾಗ ತಣ್ಣಗೆ, ಕೆಳಭಾಗ ಬಿಸಿ ಇದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಹೀಟಿಂಗ್ ಆರಿಸಿ, ತಣಿದ ಮೇಲೆ, ಮೂಲೆಯ ಚೌಕ ತಿರುಪನ್ನು ಅದರ ಕೀಲಿಯಿಂದ ಎಡಕ್ಕೆ ಅರ್ಧ ಸುತ್ತು ತಿರುಗಿಸಿದರೆ ಸುಯ್ಯೆಂದು ಗಾಳಿ ಹೋಗಿ ನೀರು ತೊಟ್ಟಿಕ್ಕುತ್ತದೆ, ಆಗ ಮುಚ್ಚಬೇಕು. ಆಮೇಲೆ ಒತ್ತಡ ಮತ್ತೊಮ್ಮೆ ನೋಡಿ, ಇಳಿದಿರುತ್ತದೆ. ಬಾಯ್ಲರಿನ ಮುಚ್ಚಳ ಬಿಚ್ಚುವ ಕೆಲಸಕ್ಕೆ ಮಾತ್ರ ಕೈ ಹಾಕಬಾರದು. ಗ್ಯಾಸ್ ಇರುವ ಬಾಡಿಗೆ ಮನೆಗೆ ವರ್ಷಕ್ಕೊಮ್ಮೆ ನೋಂದಾಯಿತ ಕೆಲಸಗಾರರಿಂದ ತಪಾಸಣೆ ಮಾಡಿಸಿ ಪ್ರಮಾಣಪತ್ರ ಕೊಡುವುದು ಮಾಲೀಕರ ಹೊಣೆ.

ಠೇವಣಿಗೆ ಇಂಗ್ಲೆಂಡಿನಲ್ಲಿ ಮಿತಿ ಇದೆ: ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ 5 ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಕೊಟ್ಟ 30 ದಿನದೊಳಗೆ ಅದನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಟ್ಟು ನಿಮಗೆ ವಿವರ ಕೊಡಬೇಕು. ಇಡದಿದ್ದರೆ ನ್ಯಾಯಾಲಯ ಠೇವಣಿಯ ಒಂದರಿಂದ ಮೂರು ಪಟ್ಟು ಕೊಡಿಸಬಹುದು. ಮನೆ ನೋಡುವ ಮೊದಲೇ, ಕೀಲಿ ಕೈಗೆ ಸಿಗುವ ಮೊದಲೇ ಯಾರದೋ ಖಾತೆಗೆ ದುಡ್ಡು ಹಾಕಿ ಕಳೆದುಕೊಳ್ಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಮನೆಗೆ ಕಾಲಿಟ್ಟ ದಿನ ಎರಡು ಕೆಲಸ: ಕರೆಂಟು, ಗ್ಯಾಸ್ ಮೀಟರಿನ ಫೋಟೋ, ಮತ್ತು ಪ್ರತಿ ಗೋಡೆ, ಕಾರ್ಪೆಟ್, ಒಲೆ, ಹಾಸಿಗೆಯ ಫೋಟೋ. ಮನೆಯ ಸಾಮಾನು, ಅದರ ಸ್ಥಿತಿ ಬರೆದಿಟ್ಟ ಇನ್ವೆಂಟರಿ ಪಟ್ಟಿಯಲ್ಲಿ ಇಲ್ಲದ ಕಲೆಯೆಲ್ಲ ಕೊನೆಗೆ ನಿಮ್ಮದೇ. ಮನೆ ತುಂಬಾ ಪೂರ್ಣಾವಧಿ ವಿದ್ಯಾರ್ಥಿಗಳೇ ಇದ್ದರೆ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ಮನೆ ತೆರಿಗೆ ಇಲ್ಲ, ಆದರೆ ಅದು ತಾನಾಗಿ ಮಾಫಿಯಾಗುವುದಿಲ್ಲ. ವಿಶ್ವವಿದ್ಯಾಲಯದ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಒಬ್ಬರೇ ವಯಸ್ಕರಿರುವ ಮನೆಗೆ ಶೇ 25ರಷ್ಟು ರಿಯಾಯಿತಿ ಉಂಟು, ಅದಕ್ಕೂ ಅರ್ಜಿ ಹಾಕಬೇಕು. ಟಿ.ವಿ. ಇಲ್ಲದಿದ್ದರೂ, ಮೊಬೈಲಿನಲ್ಲಾಗಲಿ ಲ್ಯಾಪ್‌ಟಾಪಿನಲ್ಲಾಗಲಿ ಯಾವುದೇ ಚಾನೆಲ್ಲಿನ ನೇರ ಪ್ರಸಾರ ನೋಡುವವರಿಗೆ ಟಿ.ವಿ. ಲೈಸೆನ್ಸ್ ಬೇಕು. ಇಲ್ಲದೆ ನೋಡಿದರೆ 1,000 ಪೌಂಡಿನವರೆಗೂ ದಂಡವಾಗಬಹುದು.

ಕಸದ ಡಬ್ಬಿಗಳ ಬಣ್ಣ ಊರಿಂದೂರಿಗೆ ಬೇರೆ. ಕೌನ್ಸಿಲ್ಲಿನ ವೆಬ್‌ಸೈಟಿನಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಯಾವ ವಾರ ಯಾವ ಡಬ್ಬಿ ಎಂದು ತೋರಿಸುತ್ತದೆ. ಮರುಬಳಕೆಯ ಡಬ್ಬಿಯಲ್ಲಿ ಸಾರಿನ ಡಬ್ಬವೊಂದು ಸಿಕ್ಕಿದರೂ ಇಡೀ ಡಬ್ಬಿಯನ್ನು ಬಿಟ್ಟುಹೋಗುತ್ತಾರೆ, ಮತ್ತೆ ಬರುವುದು ಎರಡು ವಾರಕ್ಕೆ.

ಇನ್ನು ಮಾತು. ಬಿಗುಮಾನ ಎಂದು ನಮ್ಮವರು ಕರೆಯುವುದರಲ್ಲಿ ಮುಕ್ಕಾಲು ಪಾಲು ಮಾತಿನ ರೀತಿಯದು. ಎದುರು ಸಿಕ್ಕವರು "ಯು ಆಲ್‌ರೈಟ್?" ಎಂದರೆ ಆರೋಗ್ಯ ವಿಚಾರಿಸಿದರೆಂದು ನಿಂತು ನೆಗಡಿಯ ಕಥೆ ಹೇಳಬೇಕಾಗಿಲ್ಲ, ನನ್ನ ಮುಖ ಬಾಡಿದೆಯೇ ಎಂದು ಗಾಬರಿಯೂ ಬೇಡ. ಅದು ನಮ್ಮ "ಊಟ ಆಯ್ತಾ?" ಇದ್ದ ಹಾಗೆ. "ಯಾ, ಯು?" ಎಂದು ನಡೆಯುತ್ತಲೇ ಹೇಳಿದರೆ ಸಾಕು. ಹವಾಮಾನದ ಮಾತೂ ಹಾಗೆಯೇ, ಅಪರಿಚಿತರ ಜೊತೆ ಮಾತಿಗೆ ಅದೊಂದು ಬಾಗಿಲು. ಮಳೆ ಬಗ್ಗೆ ಅವರು ಅಂದದ್ದಕ್ಕೆ ಹೂಂ ಎನ್ನುವುದು ಕ್ರಮ. ಇದೇನು ಮಹಾ ಮಳೆ ಎಂದು ವಾದಕ್ಕಿಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಂಬಳ, ವಯಸ್ಸು, ಮದುವೆ, ಮಕ್ಕಳು ಏಕಾಗಿಲ್ಲ ಎಂಬ ಪ್ರಶ್ನೆಗಳು ಬಹುಕಾಲದ ಸ್ನೇಹದಲ್ಲೂ ಬರುವುದಿಲ್ಲ. ನಮಗೆ ಅವು ಅಕ್ಕರೆಯ ಪ್ರಶ್ನೆಗಳು, ಅವರಿಗೆ ಬೀಗ ಹಾಕಿದ ಕೋಣೆ.

ಕೆಲಸದ ಜಾಗದಲ್ಲಿ ಈ ರೀತಿಯನ್ನು ತಿಳಿಯದಿದ್ದರೆ ನಿಜವಾದ ಪೆಟ್ಟು ಬೀಳುತ್ತದೆ. "ಎರಡನೇ ಅಧ್ಯಾಯವನ್ನು ಮತ್ತೊಮ್ಮೆ ನೋಡಿದರೆ ಒಳ್ಳೆಯದೇನೋ" ಎಂದು ಮಾರ್ಗದರ್ಶಕರು ಇಂಗ್ಲಿಷಿನಲ್ಲಿ ನಯವಾಗಿ ಅಂದರೆ ಅದನ್ನು ಹೊಸದಾಗಿ ಬರೆ ಎಂದರ್ಥ. ಸಭೆಯಲ್ಲಿ "ಇಂಟರೆಸ್ಟಿಂಗ್" ಎಂದು ತಡೆದು ನಿಲ್ಲಿಸಿದರೆ ಒಪ್ಪಿಗೆಯಿಲ್ಲ ಎಂದು ತಿಳಿಯುವುದೇ ಕ್ಷೇಮ. "ವಿಥ್ ರೆಸ್ಪೆಕ್ಟ್" ಎಂದು ಶುರುವಾದ ಮಾತು ಖಂಡನೆಯಲ್ಲೇ ಮುಗಿಯುತ್ತದೆ. "ನಾಟ್ ಬ್ಯಾಡ್" ಎನ್ನುವುದು ಮಾತ್ರ ಮೆಚ್ಚುಗೆ. ನೀವು ಕೇಳಿಕೊಳ್ಳುವಾಗಲೂ ಅದೇ ಧಾಟಿ ಬೇಕು. "ಕಳಿಸಿ" ಎಂಬ ನೇರ ಮಾತಿಗೆ "ಪ್ಲೀಸ್" ಸೇರಿಸಿದರೂ ಆಜ್ಞೆಯಂತೆ ಕೇಳುತ್ತದೆ, "ಐ ವಾಸ್ ವಂಡರಿಂಗ್ ಇಫ್ ಯು ಕುಡ್" ಎಂದು ಆರಂಭಿಸಿದರೆ ಕೆಲಸವಾಗುತ್ತದೆ. ಪ್ರಾಧ್ಯಾಪಕರನ್ನು ಸರ್, ಮೇಡಂ ಎನ್ನದೆ ಹೆಸರು ಹಿಡಿದೇ ಕರೆಯುವುದು ವಾಡಿಕೆ, ನಾಲಿಗೆ ಹೊರಳಲು ತಿಂಗಳು ಬೇಕಾದೀತು. ಇನ್ನೊಂದು ಕಡೆ, ಅಂಗಡಿಯವರು ಗ್ರಾಹಕರನ್ನು ಯಾರ್ಕ್‌ಶೈರ್‌ನಲ್ಲಿ "ಲವ್", ನಾಟಿಂಗ್‌ಹ್ಯಾಂನಲ್ಲಿ "ಡಕ್", ನ್ಯೂಕಾಸಲ್‌ನಲ್ಲಿ "ಪೆಟ್" ಎನ್ನುತ್ತಾರೆ. ನಮ್ಮ "ಅಕ್ಕಾ", "ಅಣ್ಣಾ" ಎಂಬಷ್ಟೇ ಸಲೀಸು ಅದು, ಬಿಗುಮಾನದವರ ಬಾಯಲ್ಲಿ ಬರುವ ಮಾತಲ್ಲ. ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ "ಥ್ಯಾಂಕ್ಸ್" ಕೂಗಿ ಹೇಳುವುದನ್ನೂ ಗಮನಿಸಿ.

ಅಂಕಗಳ ವಿಷಯ ತಂದೆತಾಯಿಗಳು ತಿಳಿಯಲೇಬೇಕು. ಅಲ್ಲಿ 70 ಎಂದರೆ ಮೇಲ್ದರ್ಜೆ. ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ 50ಕ್ಕೆ ಪಾಸು, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಇಲ್ಲಿ 90 ತೆಗೆಯುತ್ತಿದ್ದ ಮಗಳು ಅಲ್ಲಿ 64 ತೆಗೆದಳೆಂದರೆ ಚೆನ್ನಾಗಿ ಓದುತ್ತಿದ್ದಾಳೆ ಎಂದೇ ಅರ್ಥ. ಫೋನಿನಲ್ಲಿ ಬೈಯಬೇಡಿ.

ವಿದ್ಯಾರ್ಥಿ ವೀಸಾದವರ ದುಡಿಮೆಯ ಮಿತಿ ಅದಕ್ಕಿಂತ ಗಂಭೀರ. ಪದವಿ ಮಟ್ಟದ ಓದಿನವರು ಪಾಠಗಳಿರುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ವಾರ ಎಂದರೆ ಸೋಮವಾರದಿಂದ ಭಾನುವಾರ. ಒಂದು ವಾರ 12 ಗಂಟೆ, ಮರುವಾರ 28 ಗಂಟೆ ಎಂದು ಸರಾಸರಿ ಹಾಕಲು ಬರುವುದಿಲ್ಲ. ಎರಡು ಕಡೆ ಕೆಲಸವಿದ್ದರೆ ಎರಡೂ ಸೇರಿ 20. ಸ್ನಾತಕೋತ್ತರದವರಿಗೆ ಬೇಸಿಗೆಯಲ್ಲಿ ಪ್ರಬಂಧ ಬರೆಯುವ ಕಾಲವೂ ಓದಿನ ಅವಧಿಯೇ, ರಜೆಯಲ್ಲ. ಆ್ಯಪ್ ಹಿಡಿದು ಊಟ ತಲುಪಿಸುವ ಕೆಲಸ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುವುದರಿಂದ ಅದನ್ನು ಒಂದು ಗಂಟೆಯೂ ಮಾಡುವಂತಿಲ್ಲ. ಗೆಳೆಯನ ಖಾತೆಯಲ್ಲಿ ಮಾಡಿ ಸಿಕ್ಕಿಬಿದ್ದರೆ ವೀಸಾ ಹೋಗುತ್ತದೆ, ಕಟ್ಟಿದ ಶುಲ್ಕವೂ ಅದರ ಜೊತೆಗೆ. ಮತ್ತೆ, ಯಾರಾದರೂ ವೀಸಾ ನೋಡಿಕೊಳ್ಳುವ ಇಲಾಖೆಯಾದ ಹೋಮ್ ಆಫೀಸಿನಿಂದ ಎಂದು ಫೋನ್ ಮಾಡಿ, ನಿಮ್ಮ ವೀಸಾದಲ್ಲಿ ತಪ್ಪಿದೆ, ಕೂಡಲೇ ಹಣ ಹಾಕಿ ಎಂದರೆ ಫೋನ್ ಇಟ್ಟುಬಿಡಿ. ಸರ್ಕಾರ ಹಾಗೆ ಫೋನಿನಲ್ಲಿ ದಂಡ ವಸೂಲಿ ಮಾಡುವುದಿಲ್ಲ.

ಪಬ್ಬಿಗೆ ಹೋಗುವುದೆಂದರೆ ಕುಡಿಯುವುದೇ ಆಗಬೇಕಾಗಿಲ್ಲ. ಬಹುಪಾಲು ಪಬ್ಬುಗಳಲ್ಲಿ ಮೇಜಿಗೆ ಬಂದು ಕೇಳುವವರಿಲ್ಲ, ಕೌಂಟರಿಗೆ ಹೋಗಿ ಕೇಳಿ ಅಲ್ಲೇ ದುಡ್ಡು ಕೊಡಬೇಕು. ಕಣ್ಣಿಗೆ ಕಾಣುವ ಸಾಲು ಇರುವುದಿಲ್ಲ, ಆದರೆ ಯಾರು ಮೊದಲು ಬಂದರೆಂದು ಎಲ್ಲರಿಗೂ ಗೊತ್ತಿರುತ್ತದೆ. ನಿಮ್ಮನ್ನು ಮೊದಲು ಕೇಳಿದರೆ ಪಕ್ಕದವರನ್ನು ತೋರಿಸುವುದು ಮರ್ಯಾದೆ. ಗುಂಪಿನಲ್ಲಿ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಕೊಡಿಸುತ್ತಾರೆ. ಲೈಮ್ ಸೋಡಾ ಕುಡಿದವರೂ ತಮ್ಮ ಸರದಿ ಬಂದಾಗ ಎದ್ದು ಹೋಗಬೇಕು. ಬೇಡ ಅನ್ನಿಸಿದರೆ ಮೊದಲ ಸುತ್ತಿಗೇ ನನ್ನದು ನಾನೇ ತಂದುಕೊಳ್ಳುತ್ತೇನೆ ಎನ್ನಬಹುದು, ಯಾರೂ ಬೇಸರಪಡುವುದಿಲ್ಲ. ಕುಡಿಸಿಕೊಂಡು ಕೊನೆಗೆ ಜಾರಿಕೊಂಡವರನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಮನೆಗೆ ಕರೆದಾಗ ದಿನ, ಹೊತ್ತು ಗೊತ್ತುಮಾಡಿದ್ದರೆ ಅದು ಕರೆ. "ಯಾವಾಗಲಾದರೂ ಬನ್ನಿ" ಬರೀ ಸೌಜನ್ಯ. ಉತ್ತರದ ಊರುಗಳಲ್ಲಿ "ಟೀ"ಗೆ ಕರೆದರೆ ಸಂಜೆಯ ಊಟವೇ ಇರುತ್ತದೆ, ಹೊಟ್ಟೆ ತುಂಬಿಸಿಕೊಂಡು ಹೋಗಬೇಡಿ.

ಓಡಾಟದಲ್ಲಿ ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲುವುದು ಲಂಡನ್ನಿನ ಪದ್ಧತಿ. ಅಲ್ಲಿನ ಬಸ್ಸುಗಳಲ್ಲಿ 2014ರಿಂದ ನಗದು ನಡೆಯುವುದಿಲ್ಲ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ಕಾರ್ಡು ತಾಗಿಸಬೇಕು, ಅಂಡರ್‌ಗ್ರೌಂಡ್ ಎಂಬ ನೆಲದಡಿಯ ರೈಲಿಗಾದರೆ ನಿಲ್ದಾಣದ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ. ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ. ಒಂದೇ ಬ್ಯಾಂಕಿನ ಕಾರ್ಡಾದರೂ ಫೋನಿನಲ್ಲಿರುವುದು ಬೇರೆ, ಕೈಯಲ್ಲಿರುವುದು ಬೇರೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದರೆ ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ರೈಲಿನ ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಅದರಲ್ಲಿ ಬರೆದ ರೈಲಿಗೆ ಮಾತ್ರ. 16ರಿಂದ 25 ವಯಸ್ಸಿನವರೂ ಪೂರ್ಣಾವಧಿ ವಿದ್ಯಾರ್ಥಿಗಳೂ ರೈಲ್‌ಕಾರ್ಡ್ ಮಾಡಿಸಿದರೆ ಮೂರನೇ ಒಂದು ಭಾಗ ಉಳಿತಾಯ. ಇಲ್ಲಿಂದ ಒಯ್ದ ಚಾಲನಾ ಪರವಾನಗಿ 12 ತಿಂಗಳು ಮಾತ್ರ ನಡೆಯುತ್ತದೆ, ಆಮೇಲೆ ಅಲ್ಲಿನ ಪರೀಕ್ಷೆಗಳನ್ನು ಮೊದಲಿನಿಂದ ಬರೆಯಬೇಕು.

ಆರೋಗ್ಯ ಸೇವೆಗೆ ವೀಸಾ ಜೊತೆಗೇ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್, ಉಳಿದ ಬಹುತೇಕ ವಯಸ್ಕರು 1,035 ಪೌಂಡ್ ಕಟ್ಟಿರುತ್ತಾರೆ. 2024ರ ಫೆಬ್ರುವರಿಯಿಂದ ಇರುವ ದರ ಇದು. ಕಟ್ಟಿಯೂ ಎಷ್ಟೋ ಜನ ಜ್ವರ ಬರುವವರೆಗೆ ಜಿ.ಪಿ. ಎಂಬ ಬಡಾವಣೆಯ ವೈದ್ಯರಲ್ಲಿ ನೋಂದಾಯಿಸಿಕೊಳ್ಳುವುದಿಲ್ಲ. ಮೊದಲ ವಾರದಲ್ಲೇ ಮಾಡಿ. ನೇರವಾಗಿ ತಜ್ಞರ ಬಳಿ ಹೋಗುವ ದಾರಿ ಅಲ್ಲಿಲ್ಲ, ಎಲ್ಲವೂ ಜಿ.ಪಿ. ಮೂಲಕವೇ. ಗಂಟಲು ನೋವು, ಸೈನಸ್, ಸೋಂಕಾದ ಹುಳುಕಡಿತದಂಥ 7 ತೊಂದರೆಗಳಿಗೆ ಇಂಗ್ಲೆಂಡಿನ ಔಷಧದಂಗಡಿಯವರೇ ನೋಡಿ ಮದ್ದು ಕೊಡಬಲ್ಲರು. ಪ್ರಾಣಾಪಾಯಕ್ಕೆ 999, ಏನು ಮಾಡಬೇಕೆಂದು ತೋಚದಿದ್ದರೆ 111. ಚೀಟಿಯಿಲ್ಲದೆ ಅಂಗಡಿಯಲ್ಲಿ ಆ್ಯಂಟಿಬಯಾಟಿಕ್ ಕೇಳಿ ಪ್ರಯೋಜನವಿಲ್ಲ. ಇಂಗ್ಲೆಂಡಿನಲ್ಲಿ ಚೀಟಿಯ ಪ್ರತಿ ಔಷಧಕ್ಕೆ 9.90 ಪೌಂಡ್; ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಉಚಿತ. ಈ ನಾಲ್ಕು ನಾಡುಗಳ ನಿಯಮಗಳು ಎಷ್ಟೋ ಕಡೆ ಬೇರೆಯಾಗುತ್ತವೆ. ಸ್ಕಾಟ್ಲೆಂಡಿನ ಗ್ಲಾಸ್ಗೋದವರನ್ನು ಇಂಗ್ಲಿಷರು ಎನ್ನದಿರುವುದೂ ಅದರಲ್ಲೇ ಬರುತ್ತದೆ.

ಭಾನುವಾರ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು 6 ಗಂಟೆ ಮಾತ್ರ ತೆರೆದಿರುತ್ತವೆ, ಡಿಸೆಂಬರ್ 25ರಂದು ತೆರೆಯುವುದೇ ಇಲ್ಲ. ಆ ದಿನ ಲಂಡನ್ನಿನ ಬಸ್ಸು, ಅಂಡರ್‌ಗ್ರೌಂಡ್ ಓಡುವುದಿಲ್ಲ, ದೇಶದ ರೈಲುಗಳೂ ನಿಂತಿರುತ್ತವೆ. 24ರ ಮಧ್ಯಾಹ್ನದೊಳಗೆ ಹಾಲು, ಬ್ರೆಡ್ಡು, ಮಾತ್ರೆ ತಂದಿಟ್ಟುಕೊಳ್ಳಬೇಕು. ಆ ಹೊತ್ತಿಗೆ ಲಂಡನ್ನಿನಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ, ಎಡಿನ್‌ಬರೋದಲ್ಲಿ ಹಗಲು 7 ಗಂಟೆಯಷ್ಟೂ ಇರುವುದಿಲ್ಲ. ಚಳಿಗಿಂತ ಈ ಕತ್ತಲು ಹೊಸಬರನ್ನು ಹೆಚ್ಚು ಕುಗ್ಗಿಸುತ್ತದೆ. ಮಧ್ಯಾಹ್ನ ಅರ್ಧ ಗಂಟೆಯಾದರೂ ಹೊರಗೆ ನಡೆಯಬೇಕು. ಶರತ್ಕಾಲದಿಂದ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಲು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ, ಕಂದು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು ಎನ್ನುತ್ತದೆ.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ, ಮಾರ್ಚಿನ ಕೊನೆಯ ಭಾನುವಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಬೇಸಿಗೆಯಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ. ಸೆಪ್ಟೆಂಬರಿನಲ್ಲಿ ಮಗ ಹೊರಟಾಗ ಬೆಳಿಗ್ಗೆ ಹನ್ನೊಂದೂವರೆಗೆ ಮಾಡಿದ ಫೋನು ಅವನಿಗೆ 7 ಗಂಟೆಗೆ ಸಿಗುತ್ತಿತ್ತು. ನವೆಂಬರಿನಲ್ಲಿ ಅದೇ ಹೊತ್ತಿಗೆ ಮಾಡಿದರೆ ಅಲ್ಲಿ 6 ಗಂಟೆ, ಹೊರಗಿನ್ನೂ ಕತ್ತಲು. ಎತ್ತದಿದ್ದರೆ ಗಾಬರಿಯಾಗದೆ, ಹನ್ನೆರಡೂವರೆಗೆ ಮತ್ತೊಮ್ಮೆ ಮಾಡಿ.

ಇಂತಿ,
ಬ್ರಿಟನ್ನಿನಲ್ಲಿ ನೆಲೆಸಿರುವ ಕೆಲವು ಕನ್ನಡಿಗರು